ಬಂಪರ್ ಹಿಂಬದಿ ಮೊದಲು ನೋಡಿ, ಹೊಳಪು ಆಮೇಲೆ

ಪ್ರಶ್ನೆ: ತಾತನ ಕಾಲದ ಷೆವರ್ಲೆ ಪಿಕಪ್ ಒಂದನ್ನು ಸಕಲೇಶಪುರದ ತೋಟದಿಂದ ಬೆಂಗಳೂರಿಗೆ ತಂದಿದ್ದೇವೆ. ಆರ್‌ಸಿಯಲ್ಲಿ 1951 ಅಂತ ಇದೆ. ಮುಂದಿನ ಬಂಪರ್ ಇಲ್ಲ. ಹಿಂದೆ ಯಾರೋ ಬಂಪರ್ ಬದಲಿಗೆ ಕಬ್ಬಿಣದ ಚಾನಲ್ (ಎರಡು ಅಂಚು ಮಡಚಿದಂತಿರುವ ದಪ್ಪ ಪಟ್ಟಿ) ವೆಲ್ಡ್ ಮಾಡಿಬಿಟ್ಟಿದ್ದಾರೆ. ಶಿವಾಜಿನಗರದ ಗುಜರಿಯಲ್ಲಿ ಎರಡು ಬಂಪರ್ ತೋರಿಸಿದರು. ಒಂದಕ್ಕೆ ಕ್ರೋಮ್ ಇದೆ, ನೋಡೋಕೆ ಚೆನ್ನಾಗಿದೆ. ಇನ್ನೊಂದು ತುಕ್ಕು ಹಿಡಿದಿದೆ, ಒಂದು ತುದಿ ಬಗ್ಗಿದೆ. ಎರಡೂ ಒರಿಜಿನಲ್ ಅಂತಾರೆ. ಯಾವುದು ತಗೊಳ್ಳಲಿ? ಕ್ರೋಮ್ ಹಾಕಿಸಬೇಕಾ? ಹಿಂದಿನದನ್ನು ಏನು ಮಾಡಲಿ? ಫೋಟೋಗಳನ್ನು ಜೊತೆಗೆ ಕಳಿಸಿದ್ದೇನೆ.

ಉತ್ತರ: ಫೋಟೋ ನೋಡಿದೆ. ಆ ತುಕ್ಕು ಹಿಡಿದದ್ದನ್ನೇ ತಗೊಳ್ಳಿ ಅಂತ ನನಗೆ ಅನ್ನಿಸುತ್ತಿದೆ. ಆದರೆ ದುಡ್ಡು ಕೊಡುವ ಮುಂಚೆ ಟೇಪು, ದಾರ, ಒಂದು ದೊಡ್ಡ ರಟ್ಟು ಹಿಡಿದುಕೊಂಡು ಇನ್ನೊಂದು ಸಲ ಹೋಗಿ. ಅಂಗಡಿಯವರು ಬಂಪರನ್ನು ಯಾವಾಗಲೂ ಮುಖ ಮೇಲೆ ಮಾಡಿಯೇ ತೋರಿಸುತ್ತಾರೆ. ನೀವು ಅದನ್ನು ತಿರುಗಿಸಿ ಹಾಕಿಸಿ. ಬಂಪರ್ ಎಲ್ಲಿಯದು, ಯಾರು ಏನು ಮಾಡಿದ್ದಾರೆ, ಎಷ್ಟು ಸಲ ಗುದ್ದಿಸಿಕೊಂಡಿದೆ, ಎಲ್ಲವೂ ಹಿಂಬದಿಯಲ್ಲೇ ಕಾಣುತ್ತದೆ.

ಅದಕ್ಕೂ ಮುಂಚೆ ಗಾಡಿ ಯಾವ ವರ್ಷದ್ದು ಅಂತ ಖಾತ್ರಿ ಮಾಡಿಕೊಳ್ಳೋಣ. ಆರ್‌ಸಿಯಲ್ಲಿ ಇರುವ ವರ್ಷ ಎಷ್ಟೋ ಸಲ ನೋಂದಣಿಯಾದ ವರ್ಷ, ಗಾಡಿ ತಯಾರಾದ ವರ್ಷ ಅಲ್ಲ. ನಿಮ್ಮ ಗಾಡಿಯ ಮೂತಿಯಲ್ಲಿ ಐದು ಅಡ್ಡಪಟ್ಟಿಗಳ ಗ್ರಿಲ್ ಇದೆ, ಮುಂದಿನ ಗಾಜು ಎರಡು ತುಂಡಾಗಿದೆ. ಈ ಸಾಲಿನ ಷೆವರ್ಲೆ ಪಿಕಪ್‌ಗಳು 1947ರಲ್ಲಿ ಬಂದವು. 1954ಕ್ಕೆ ಗ್ರಿಲ್ ಬದಲಾಯಿತು, ಗಾಜು ಒಂದೇ ತುಂಡಾಯಿತು. ಹಾಗಾಗಿ ನಿಮ್ಮದು 1947ರಿಂದ 53ರ ಒಳಗಿನದು. ಬಾಗಿಲಿನ ಗಾಜಿನ ಮುಂದೆ ತಿರುಗಿಸಿ ತೆರೆಯುವ ಸಣ್ಣ ತ್ರಿಕೋನದ ಗಾಜು ಇದೆ, ಅದು ಬಂದದ್ದು 1951ರಲ್ಲಿ. ಬಾಗಿಲ ಹಿಡಿ ಕೆಳಕ್ಕೆ ತಿರುಗಿಸುವಂಥದ್ದು. ಒತ್ತುವ ಗುಂಡಿಯ ಹಿಡಿ 1952ರಲ್ಲಿ ಬಂತು. ಮಧ್ಯದಲ್ಲಿ ಯಾರೂ ಬಾಗಿಲು ಬದಲಾಯಿಸಿಲ್ಲ ಅಂತಾದರೆ 1951 ಸರಿಯಾಗಿ ಕೂರುತ್ತದೆ.

ಇಷ್ಟೆಲ್ಲಾ ಯಾಕೆ ಅಂದರೆ ಗುಜರಿಯಲ್ಲಿ 'ಷೆವರ್ಲೆದು ಸಾರ್' ಅನ್ನೋ ಮಾತು ಸಾಕಾಗೋದಿಲ್ಲ. ಜನರಲ್ ಮೋಟರ್ಸ್ 1928ರಿಂದ 1954ರವರೆಗೆ ಬಾಂಬೆಯಲ್ಲಿ ಗಾಡಿ ಜೋಡಿಸುತ್ತಿತ್ತು. ಕಾರು, ಪಿಕಪ್, ದೊಡ್ಡ ಲಾರಿ ಎಲ್ಲದಕ್ಕೂ ಜನ ಷೆವರ್ಲೆ ಅಂತಲೇ ಹೇಳೋದು. ಪಿಕಪ್‌ನಲ್ಲೂ ಅರ್ಧ ಟನ್, ಮುಕ್ಕಾಲು ಟನ್, ಒಂದು ಟನ್ ಅಂತ ಬೇರೆ ಬೇರೆ ಇದ್ದವು. ಅರ್ಧ ಟನ್ನಿನದಕ್ಕೆ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ 116 ಇಂಚು ಬರುತ್ತದೆ, ಒಂದು ಟನ್ನಿನದಕ್ಕೆ 137 ಇಂಚು. ನಿಮ್ಮದನ್ನು ಅಳೆದು ಬರೆದಿಟ್ಟುಕೊಳ್ಳಿ, ಮುಂದೆ ಬೇರೆ ಸಾಮಾನು ಹುಡುಕುವಾಗಲೂ ಬೇಕಾಗುತ್ತದೆ. (ಡಾಡ್ಜ್ ಅಥವಾ ಫಾರ್ಗೋ ಇರುವವರು ಇದನ್ನು ಓದುತ್ತಿದ್ದರೆ ಒಂದು ಮಾತು: ಎರಡೂ ಕ್ರೈಸ್ಲರ್ ಕಂಪನಿಯವೇ, ಎಷ್ಟೋ ಮಾದರಿಗಳಲ್ಲಿ ಹೆಸರಿನ ಪಟ್ಟಿ ಬಿಟ್ಟರೆ ಉಳಿದದ್ದು ಒಂದೇ. ಒಂದರದ್ದು ಸಿಗಲಿಲ್ಲ ಅಂದರೆ ಇನ್ನೊಂದರದ್ದನ್ನು ಅಳೆದು ನೋಡಿ.)

ಈಗ ಆ ಕ್ರೋಮ್ ಬಂಪರ್. ಫೋಟೋದಲ್ಲಿ ಎರಡೂ ತುದಿ ಒಳಕ್ಕೆ ಚೆನ್ನಾಗಿ ಸುತ್ತಿಕೊಂಡು ಬಂದಿವೆ. ಪಟ್ಟಿ ತೆಳು ಅನ್ನಿಸುತ್ತಿದೆ. ಮಧ್ಯದಿಂದ ಸ್ವಲ್ಪ ಆಚೀಚೆ, ಸಮ ದೂರದಲ್ಲಿ ಎರಡು ಕಡೆ ಹೊಳಪು ಬೇರೆ ಥರ ಇದೆ. ಅದು ಕಾರಿನ ಬಂಪರ್ ಅಂತ ನನ್ನ ಊಹೆ. ಅಂಬಾಸಡರ್‌ನಂಥ ಕಾರಿನ ಬಂಪರ್ ಮೇಲೆ ನಿಂತಿರುತ್ತವಲ್ಲ ಎರಡು ಕೊಂಬು, ಅವನ್ನು ಬಿಚ್ಚಿ, ತೂತು ಮುಚ್ಚಿ ಪಾಲಿಶ್ ಮಾಡಿದರೆ ಹೀಗೇ ಕಾಣುತ್ತದೆ. ತಿರುಗಿಸಿ ನೋಡಿ. ಆ ಎರಡು ಜಾಗದಲ್ಲಿ ಹಿಂದೆ ವೆಲ್ಡಿಂಗ್ ಗುರುತು ಇರಬಹುದು. ನಟ್ಟ ನಡುವೆ ಮೇಲಿನಿಂದ ಕೆಳಗೆ ಒಂದು ಗೆರೆ ಇದ್ದರೆ ಬಂಪರನ್ನು ಕತ್ತರಿಸಿ, ಅಗಲ ಹೊಂದಿಸಿ ಮತ್ತೆ ಕೂಡಿಸಿದ್ದಾರೆ ಅಂತಲೇ ಅರ್ಥ. ಮುಂದಿನಿಂದ ಗ್ರೈಂಡ್ ಮಾಡಿ ನುಣ್ಣಗೆ ಮಾಡಿರುತ್ತಾರೆ, ಹಿಂದಿನಿಂದ ಮಾಡುವ ತಾಳ್ಮೆ ಯಾರಿಗೂ ಇರೋದಿಲ್ಲ.

ಫ್ಯಾಕ್ಟರಿಯಲ್ಲಿ ಅಚ್ಚೊತ್ತಿದ ಬಂಪರಿಗೂ ಇಲ್ಲಿ ಶೆಡ್ಡಿನಲ್ಲಿ ಮಾಡಿದ್ದಕ್ಕೂ ವ್ಯತ್ಯಾಸ ಹೇಗೆ ಹಿಡಿಯೋದು ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಯ ತಿರುಳು ಇದೇ. ಅಚ್ಚೊತ್ತಿದ ಪಟ್ಟಿಯ ದಪ್ಪ ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ. ಅಂಚು ಮಡಚಿದ ಕಡೆ ಒಳಮೂಲೆ ದುಂಡಗಿರುತ್ತದೆ, ಬೆರಳು ಸಲೀಸಾಗಿ ಜಾರುತ್ತದೆ. ಅಂಗಡಿಯಲ್ಲಿ ಸಿಗುವ ಕಬ್ಬಿಣದ ಚಾನಲ್ ಹಾಗಲ್ಲ. ಅದರ ಎರಡು ಕಿವಿಗಳು ಬುಡದಲ್ಲಿ ದಪ್ಪ, ತುದಿಗೆ ಬರುತ್ತಾ ತೆಳು, ಒಳಗಡೆ ಇಳಿಜಾರು ಇರುತ್ತದೆ. ದಪ್ಪ ಅಳೆಯುವ ವರ್ನಿಯರ್ ಹಿಡಿದು ಬುಡದಲ್ಲೊಮ್ಮೆ, ತುದಿಯಲ್ಲೊಮ್ಮೆ ಅಳೆದರೆ ಮುಗಿಯಿತು. ನಿಮ್ಮ ಗಾಡಿಯ ಹಿಂದೆ ಇರುವುದು ಖಂಡಿತಾ ಇದೇ ಚಾನಲ್.

ಆಮೇಲೆ ತೂತು. ಬಂಪರಿಗೆ ಹಾಕುವ ಬೋಲ್ಟು ಕ್ಯಾರೇಜ್ ಬೋಲ್ಟು: ತಲೆ ದುಂಡಗೆ, ತಲೆಯ ಕೆಳಗೆ ಕುತ್ತಿಗೆ ಚೌಕ. ಆ ಚೌಕ ಕೂರಲು ಬಂಪರ್‌ನಲ್ಲೂ ತೂತು ಚೌಕವಾಗಿಯೇ ಇರಬೇಕು, ಆಗಲೇ ನಟ್ಟು ಬಿಗಿ ಮಾಡುವಾಗ ಬೋಲ್ಟು ತಿರುಗೋದಿಲ್ಲ. ಫ್ಯಾಕ್ಟರಿಯಲ್ಲಿ ಈ ತೂತನ್ನು ಪಂಚ್ ಮಾಡಿರುತ್ತಾರೆ. ಪಂಚ್ ಒಳಗೆ ಹೋದ ಕಡೆ ಅಂಚು ಸ್ವಲ್ಪ ಒಳಕ್ಕೆ ಬಾಗಿ ನುಣುಪಾಗಿರುತ್ತದೆ, ಹೊರಗೆ ಬಂದ ಕಡೆ ಸಣ್ಣ ಚೂಪು ಏಳುತ್ತದೆ. ಉಗುರಿನಿಂದ ಗೀರಿದರೆ ಗೊತ್ತಾಗುತ್ತದೆ, ಎಪ್ಪತ್ತು ವರ್ಷದ ತುಕ್ಕು ಇದ್ದರೂ ಗೊತ್ತಾಗುತ್ತದೆ. ಡ್ರಿಲ್ ಹಾಕಿ ಅರದಿಂದ ಉಜ್ಜಿ ಚೌಕ ಮಾಡಿದ್ದರೆ ಮೂಲೆಗಳು ಒಂದೊಂದು ಒಂದೊಂದು ಥರ ಇರುತ್ತವೆ. ಗ್ಯಾಸ್ ಕಟಿಂಗ್‌ನಲ್ಲಿ ತೆಗೆದಿದ್ದರೆ ಅಂಚೆಲ್ಲ ಕರಗಿ ಗಂಟುಗಂಟಾಗಿರುತ್ತದೆ. ನೀವು ಕಳಿಸಿದ ಎರಡನೇ ಬಂಪರ್‌ನ ಫೋಟೋ ದೊಡ್ಡದು ಮಾಡಿ ನೋಡಿದೆ. ಬಗ್ಗದ ತುದಿಯ ಕಡೆ ಎರಡು ತೂತು ಸ್ವಚ್ಛ ಚೌಕವಾಗಿವೆ. ಅದು ಒಳ್ಳೆ ಲಕ್ಷಣ.

ಅದಕ್ಕಿಂತ ಒಳ್ಳೆ ಲಕ್ಷಣ ಇನ್ನೊಂದಿದೆ. ಅದರ ಹಿಂದೆ ಒಂದು ಬ್ರಾಕೆಟ್, ಅಂದರೆ ಬಂಪರನ್ನು ಚಾಸಿಗೆ (ಗಾಡಿಯ ಅಡಿಯ ಚೌಕಟ್ಟಿಗೆ) ಹಿಡಿದಿಡುವ ತುಂಡು, ಇನ್ನೂ ಅಂಟಿಕೊಂಡಿದೆ!

ಪಿಕಪ್ ಬಂಪರ್ ವಿಷಯದಲ್ಲಿ ಪಟ್ಟಿಗಿಂತ ಬ್ರಾಕೆಟ್ಟೇ ಮುಖ್ಯ. ಪಟ್ಟಿಯನ್ನು ಒಳ್ಳೆ ಟಿಂಕರಿಂಗ್ ಕೆಲಸಗಾರ ನೇರ ಮಾಡಬಲ್ಲ, ತೂತು ಬಿದ್ದ ಕಡೆ ತುಂಡು ಕೂಡಿಸಬಲ್ಲ. ಬ್ರಾಕೆಟ್ ಹಾಗಲ್ಲ. ಬಂಪರ್ ಗ್ರಿಲ್‌ನಿಂದ ಎಷ್ಟು ಮುಂದೆ ನಿಲ್ಲಬೇಕು, ಎಷ್ಟು ಎತ್ತರದಲ್ಲಿ ಕೂರಬೇಕು, ಯಾವ ಕೋನದಲ್ಲಿ ಅನ್ನೋದನ್ನೆಲ್ಲ ಬ್ರಾಕೆಟ್ ತೀರ್ಮಾನ ಮಾಡುತ್ತದೆ. ಅದು ಇಲ್ಲದೆ ಅಂದಾಜಿನ ಮೇಲೆ ಮಾಡಿಸಿದರೆ ಬಂಪರ್ ಅರ್ಧ ಇಂಚು ಕೆಳಗೋ ಮೇಲೋ ಕೂತು, ಗಾಡಿಯ ಮುಖವೇ ಬೇರೆಯಾಗಿ ಕಾಣುತ್ತದೆ. ಗುಜರಿಯಲ್ಲಿ ಮಾತ್ರ ಬ್ರಾಕೆಟ್ಟಿಗೆ ಬೆಲೆಯೇ ಇಲ್ಲ. ಬೋಲ್ಟು ಬಿಚ್ಚೋಕೆ ಆಗಲಿಲ್ಲ ಅಂದರೆ ಗ್ಯಾಸ್ ಹಚ್ಚಿ ಬ್ರಾಕೆಟ್ ಮಧ್ಯಕ್ಕೇ ಕತ್ತರಿಸಿ, ತೂಕಕ್ಕೆ ಹಾಕಿಬಿಡುತ್ತಾರೆ. ನೋಡಿದಾಗಲೆಲ್ಲ ಸಂಕಟ ಆಗುತ್ತದೆ. ಅದಕ್ಕೇ ಹೇಳುತ್ತೇನೆ, ಅಂಗಡಿಯವರಿಗೆ ಇವತ್ತೇ ಫೋನ್ ಮಾಡಿ 'ಭಾಯ್, ಆ ಬ್ರಾಕೆಟ್ ಬಿಚ್ಚಬೇಡಿ, ಹೇಗಿದೆಯೋ ಹಾಗೇ ಇಡಿ' ಅಂತ ಹೇಳಿಬಿಡಿ. ಜೋಡಿಯ ಇನ್ನೊಂದು ಬ್ರಾಕೆಟ್ ಅಲ್ಲೇ ಕಬ್ಬಿಣದ ರಾಶಿಯಲ್ಲಿ ಎಲ್ಲೋ ಬಿದ್ದಿರಬಹುದು, ಹುಡುಕಿಸಿ. ಸಿಗದಿದ್ದರೂ ಪರವಾಗಿಲ್ಲ. ಎಡ ಬಲ ಒಂದಕ್ಕೊಂದು ಕನ್ನಡಿ ಹಿಡಿದ ಹಾಗೆ ಇರುತ್ತವೆ, ಒಂದು ಕೈಯಲ್ಲಿದ್ದರೆ ಇನ್ನೊಂದನ್ನು ಅದೇ ದಪ್ಪದ ಪಟ್ಟಿಯಲ್ಲಿ ಮಾಡಿಸಬಹುದು.

ಹೋಗುವ ಮುಂಚೆ ಗಾಡಿಯಲ್ಲಿ ಅಳತೆ ತೆಗೆದುಕೊಳ್ಳಿ. ಇಂಚಿನಲ್ಲೇ ತೆಗೆಯಿರಿ, ಗಾಡಿ ಮಾಡಿದ್ದು ಇಂಚಿನಲ್ಲಿ. ಚಾಸಿಯ ಮುಂದಿನ ಎರಡು ತುದಿಗಳಲ್ಲಿ ಬ್ರಾಕೆಟ್ ಕೂರುವ ತೂತುಗಳಿವೆ. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಅಳೆಯೋದು ಕಷ್ಟ, ಕಣ್ಣಳತೆ ತಪ್ಪುತ್ತದೆ. ಒಂದು ತೂತಿನ ಎಡ ಅಂಚಿನಿಂದ ಇನ್ನೊಂದು ತೂತಿನ ಎಡ ಅಂಚಿಗೆ ಅಳೆಯಿರಿ. ಎರಡೂ ಒಂದೇ ಗಾತ್ರದ ತೂತಾದರೆ ಲೆಕ್ಕ ಅದೇ ಬರುತ್ತದೆ. ಒಂದು ದಪ್ಪ ರಟ್ಟನ್ನು ಆ ತುದಿಗೆ ಒತ್ತಿ ಹಿಡಿದು, ತೂತುಗಳನ್ನು ಪೆನ್ಸಿಲ್‌ನಲ್ಲಿ ಗುರುತು ಮಾಡಿ ಕತ್ತರಿಸಿಕೊಳ್ಳಿ. ಗುಜರಿಯಲ್ಲಿ ಆ ರಟ್ಟನ್ನು ಬ್ರಾಕೆಟ್ ಮೇಲೆ ಇಟ್ಟರೆ ಆಯಿತು, ಮಾತುಕತೆಯೇ ಬೇಡ.

ಇಲ್ಲೇ ಇನ್ನೊಂದು ಪರೀಕ್ಷೆ ಮಾಡಿ. ತೋಟದಲ್ಲಿ ಓಡಿದ ಗಾಡಿ, ಬಂಪರ್ ಕಳೆದುಕೊಂಡ ಗಾಡಿ. ಅಂದರೆ ಎಲ್ಲೋ ಮರಕ್ಕೋ ಕಲ್ಲಿಗೋ ಮೂತಿ ಕೊಟ್ಟಿರುವ ಸಾಧ್ಯತೆ ಜಾಸ್ತಿ. ಆಗ ಚಾಸಿಯ ತುದಿಯೇ ಸೊಟ್ಟ ಆಗಿರುತ್ತದೆ. ಎಡ ತುದಿಯ ತೂತಿನಿಂದ ಬಲಗಡೆ ಸ್ಪ್ರಿಂಗ್ ಪಟ್ಟಿಯ ಪಿನ್ನಿಗೆ, ಬಲ ತುದಿಯಿಂದ ಎಡ ಪಿನ್ನಿಗೆ, ಅಡ್ಡಡ್ಡ ಅಳೆಯಿರಿ. ಎರಡೂ ಸಮ ಇರಬೇಕು. ಇಲ್ಲವಾದರೆ ಮೊದಲು ಚಾಸಿ ಸರಿ ಮಾಡಿಸಿ. ಇದನ್ನು ಬಿಟ್ಟು, ನೇರ ಬಂಪರನ್ನು ಸೊಟ್ಟ ಚಾಸಿಗೆ ಹಾಕಿ, ಆಮೇಲೆ ವಾಷರ್ ಮೇಲೆ ವಾಷರ್ ಕೊಟ್ಟು ಹೊಂದಿಸಿದ ಗಾಡಿಗಳು ಈ ಊರಲ್ಲಿ ಬೇಕಾದಷ್ಟಿವೆ.

ಗುಜರಿಯಲ್ಲಿ ಬಂಪರನ್ನು ನೆಲಕ್ಕೆ ಹಾಕಿಸಿ, ಒಂದು ತುದಿಯಿಂದ ಇನ್ನೊಂದು ತುದಿಗೆ ದಾರ ಎಳೆದು ಹಿಡಿಯಿರಿ. ಮಧ್ಯದಲ್ಲಿ ದಾರಕ್ಕೂ ಪಟ್ಟಿಗೂ ಎಷ್ಟು ಅಂತರ ಇದೆ ಬರೆದುಕೊಳ್ಳಿ. ಮಧ್ಯದಿಂದ ಒಂದಡಿ ಎಡಕ್ಕೆ, ಒಂದಡಿ ಬಲಕ್ಕೆ ಅಳೆಯಿರಿ. ಒಂದು ತುದಿ ಬಗ್ಗಿರೋದರಿಂದ ವ್ಯತ್ಯಾಸ ಬಂದೇ ಬರುತ್ತದೆ, ಅದಕ್ಕೆ ಹೆದರಬೇಡಿ. ಹೆದರಬೇಕಾದ್ದು ತಿರುಚಿಗೆ. ಎರಡು ತುದಿಗೂ ಒಂದೊಂದು ನೇರ ಕೋಲು ಅಡ್ಡ ಇಟ್ಟು, ಬಗ್ಗಿ ಒಂದರ ಮೇಲಿಂದ ಇನ್ನೊಂದನ್ನು ನೋಡಿ. ಕೋಲುಗಳು ಒಂದೇ ಮಟ್ಟದಲ್ಲಿ ಕಂಡರೆ ಸರಿ. ಬಾಗಿದ್ದನ್ನು ಹಿಂದಕ್ಕೆ ತರೋದು ಸುಲಭ, ಹಗ್ಗದ ಥರ ತಿರುಚಿಕೊಂಡಿದ್ದನ್ನು ಬಿಡಿಸೋದು ನಿಜಕ್ಕೂ ಕಷ್ಟ. ಒಂದು ಸಣ್ಣ ಆಯಸ್ಕಾಂತ ಜೇಬಲ್ಲಿರಲಿ. ಮುಖದ ಮೇಲೆ ಎಳೆದಾಡಿ, ಎಲ್ಲಿ ಸಡಿಲವಾಗುತ್ತದೋ ಅಲ್ಲಿ ಪುಟ್ಟಿ ಮೆತ್ತಿದ್ದಾರೆ. ಮಡಿಕೆಯ ಒಳಮೂಲೆಯಲ್ಲಿ ಮಣ್ಣು ಗಟ್ಟಿಯಾಗಿರುತ್ತದೆ, ಸ್ಕ್ರೂಡ್ರೈವರ್‌ನಿಂದ ಕೆದಕಿ. ನೀರು ನಿಲ್ಲೋದು ಅಲ್ಲೇ, ತೂತು ಬೀಳೋದೂ ಅಲ್ಲೇ.

ಬೆಲೆಯ ವಿಷಯ ಜಾಸ್ತಿ ಹೇಳಲ್ಲ. ತೂಕದ ಲೆಕ್ಕದಲ್ಲಿ ಶುರು ಮಾಡಿ, ಬ್ರಾಕೆಟ್ ಬಗ್ಗೆ ನಿಮಗೆಷ್ಟು ಆಸೆ ಅಂತ ತೋರಿಸಿಕೊಳ್ಳಬೇಡಿ. ಬಿಲ್ ಕೇಳಿ ಇಸ್ಕೊಳ್ಳಿ. ಅಲ್ಲಿ ಸಿಗದಿದ್ದರೆ ಜೆಸಿ ರೋಡ್, ಕಲಾಸಿಪಾಳ್ಯದ ಕಡೆ ಹಳೇ ಅಂಗಡಿಗಳಲ್ಲಿ ವಿಚಾರಿಸಿ. ಬಂಪರ್ ಇಲ್ಲದಿದ್ದರೂ ಯಾರ ಶೆಡ್ಡಿನಲ್ಲಿದೆ ಅಂತ ಹೇಳುವವರು ಇರುತ್ತಾರೆ.

ಇನ್ನು ಬೋಲ್ಟು ಬಿಚ್ಚುವ ಕೆಲಸ. ಇದನ್ನು ಗುಜರಿಯಲ್ಲಿ ಮಾಡಿಸಬೇಡಿ, ಮನೆಗೆ ತಂದು ಮಾಡಿ. ನಟ್ಟಿನ ಸುತ್ತ ತಂತಿ ಬ್ರಷ್‌ನಿಂದ ಚೆನ್ನಾಗಿ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಇನ್ನೊಮ್ಮೆ ಹಾಕಿ. ಪಾನ (ಸ್ಪ್ಯಾನರ್) ಹಾಕಿದಾಗ ಮೊದಲು ಬಿಚ್ಚೋ ದಿಕ್ಕಿಗೆ ಬಲ ಹಾಕಬೇಡಿ, ಒಂದು ಕೂದಲೆಳೆಯಷ್ಟು ಬಿಗಿ ಮಾಡೋ ದಿಕ್ಕಿಗೆ ಒತ್ತಿ. ಟಕ್ ಅಂತ ಶಬ್ದ ಬಂದರೆ ತುಕ್ಕು ಬಿಟ್ಟಿತು ಅಂತ. ಆಮೇಲೆ ಹಿಂದೆ, ಸ್ವಲ್ಪ ಮುಂದೆ, ಮತ್ತೆ ಹಿಂದೆ. ಬೋಲ್ಟೇ ಸುಮ್ನೆ ತಿರುಗೋಕೆ ಶುರುವಾದರೆ ಒಳಗಿನ ಚೌಕದ ಕುತ್ತಿಗೆ ಸವೆದಿದೆ, ಇನ್ನು ಎಷ್ಟು ತಿರುಗಿಸಿದರೂ ತೂತೇ ದುಂಡಗಾಗೋದು. ನಿಲ್ಲಿಸಿ. ನಟ್ಟನ್ನು ಪಕ್ಕದಿಂದ ಉದ್ದಕ್ಕೆ ಸೀಳಿ, ಗರಗಸದಲ್ಲೋ ಗ್ರೈಂಡರ್‌ನಲ್ಲೋ. ನಟ್ಟು ಹೋದರೆ ಹೋಗಲಿ, ಬ್ರಾಕೆಟ್ ಉಳಿಯುತ್ತದೆ. ಹಳೇ ಬೋಲ್ಟನ್ನು ಎಸೆಯಬೇಡಿ, ಅಳತೆಗೆ ಬೇಕು.

ಬೋಲ್ಟು ಕೂಡ ಗುರುತು ಹೇಳುತ್ತದೆ. ಅಮೆರಿಕದ ಗಾಡಿಗಳಲ್ಲಿ ಬಂಪರಿಗೆ ಸಾಮಾನ್ಯವಾಗಿ 7/16 ಅಥವಾ ಅರ್ಧ ಇಂಚಿನ ಬೋಲ್ಟು. ಅರ್ಧ ಇಂಚಿನ ಬೋಲ್ಟಿನ ಥ್ರೆಡ್ (ಸುರುಳಿ ಹಲ್ಲು) ಅಮೆರಿಕದ ದಪ್ಪ ಹಲ್ಲಿನ ಅಳತೆಯಲ್ಲಿ ಇಂಚಿಗೆ 13 ಸುತ್ತು, ವಿಟ್‌ವರ್ತ್ ಅನ್ನೋ ಹಳೇ ಬ್ರಿಟಿಷ್ ಅಳತೆಯಲ್ಲಿ 12. ಥ್ರೆಡ್ ಗೇಜ್ ಇಟ್ಟರೆ ಗಾಡಿ ಯಾವ ದೇಶದ್ದು ಅಂತ ಸುಳಿವು ಸಿಗುತ್ತದೆ. 7/16ರಲ್ಲಿ ಮಾತ್ರ ಹುಷಾರು, ಎರಡರಲ್ಲೂ ಇಂಚಿಗೆ 14 ಸುತ್ತೇ, ಆದರೆ ಒಂದರ ಹಲ್ಲಿನ ಕೋನ 60 ಡಿಗ್ರಿ, ಇನ್ನೊಂದರದ್ದು 55. ನಟ್ಟು ಹತ್ತಿದ ಹಾಗೆ ಆಗುತ್ತದೆ, ಸರಿಯಾಗಿ ಕಚ್ಚೋದಿಲ್ಲ. 12 ಎಂಎಂ ಬೋಲ್ಟು ಕಂಡರೆ ಅದು ಆಮೇಲೆ ಇಲ್ಲಿ ಹಾಕಿದ್ದು. ಹೊಸದಾಗಿ ಹಾಕುವಾಗ ಇಂಚಿನದ್ದನ್ನೇ ಹುಡುಕಿ ತನ್ನಿ, ಎಸ್‌ಜೆಪಿ ರೋಡ್ ಸುತ್ತಮುತ್ತ ಬೋಲ್ಟಿನ ಅಂಗಡಿಗಳಲ್ಲಿ ಹಳೇದನ್ನು ತೋರಿಸಿ ಕೇಳಿ. 12 ಎಂಎಂ ತೂರಿಸೋಕೆ ಹೋಗಿ ತೂತು ದೊಡ್ಡದು ಮಾಡಿಸಬೇಡಿ.

ತುಕ್ಕು ತೆಗೆಯೋಕೆ ನನ್ನ ಇಷ್ಟದ ದಾರಿ ಕಾಕಂಬಿ. ಹೌದು, ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಅದೇ ಕಪ್ಪು ಪಾಕ. ದನದ ಮೇವಿನ ಅಂಗಡಿಗಳಲ್ಲಿ ವಿಚಾರಿಸಿ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಸೇರಿಸಿ. ಬಂಪರ್ ಉದ್ದಕ್ಕೆ ಇಟ್ಟಿಗೆ ಜೋಡಿಸಿ, ಮೇಲೆ ದಪ್ಪ ಪ್ಲಾಸ್ಟಿಕ್ ಹಾಸಿದರೆ ತೊಟ್ಟಿ ಆಯಿತು. ಪೂರ್ತಿ ಮುಳುಗಿರಬೇಕು. ಎರಡು ಮೂರು ವಾರ ಹಿಡಿಯುತ್ತದೆ, ವಾಸನೆ ಬರುತ್ತದೆ, ಅಕ್ಕಪಕ್ಕದವರಿಗೆ ಮೊದಲೇ ಹೇಳಿಡಿ. ಇದರ ದೊಡ್ಡ ಗುಣ ಅಂದರೆ ಅದು ತುಕ್ಕನ್ನು ಕರಗಿಸುತ್ತದೆ, ಒಳ್ಳೆ ಉಕ್ಕಿಗೆ ಹೆಚ್ಚುಕಮ್ಮಿ ಏನೂ ಮಾಡೋದಿಲ್ಲ. ಅಲ್ಯುಮಿನಿಯಂ, ಸತು ಏನಾದರೂ ಅಂಟಿದ್ದರೆ ಮುಂಚೆ ತೆಗೆಯಿರಿ, ಅವನ್ನು ತಿಂದುಬಿಡುತ್ತದೆ. ಅಷ್ಟು ಕಾಯೋಕೆ ಆಗಲ್ಲ ಅಂದರೆ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ), ಒಂದು ಲೀಟರ್ ನೀರಿಗೆ 50 ಗ್ರಾಂ. ಅದನ್ನು ಮಾತ್ರ ಮರೆತು ಬಿಡಬಾರದು, ದಿನಾ ನೋಡಬೇಕು, ಆಮ್ಲ ಜಾಸ್ತಿ ಹೊತ್ತಾದರೆ ಉಕ್ಕನ್ನೂ ತಿನ್ನುತ್ತದೆ. ಯಾವುದರಿಂದ ತೆಗೆದರೂ ತೊಳೆದು, ಒಣಗಿಸಿ, ಅದೇ ದಿನ ಪ್ರೈಮರ್ ಹೊಡೆಯಿರಿ. ಬೆಂಗಳೂರಿನ ಮಳೆಗಾಲದಲ್ಲಿ ಬರಿ ಉಕ್ಕು ಒಂದು ರಾತ್ರಿಯಲ್ಲೇ ಕೆಂಪಗಾಗುತ್ತದೆ.

ಬಗ್ಗಿದ ತುದಿಯನ್ನು ಕಾಯಿಸದೆ ನೇರ ಮಾಡಿಸಿ. ಮರದ ದಿಮ್ಮಿ ಕೊಟ್ಟು ಹೈಡ್ರಾಲಿಕ್ ಪ್ರೆಸ್‌ನಲ್ಲಿ ಸ್ವಲ್ಪ ಸ್ವಲ್ಪವೇ ಒತ್ತಬೇಕು, ಬಗ್ಗದ ತುದಿಯ ಆಕಾರಕ್ಕೆ ಒಂದು ರಟ್ಟು ಕತ್ತರಿಸಿಕೊಂಡು, ಪ್ರತಿ ಸಲ ಅದನ್ನು ತಿರುಗಿಸಿ ಇಟ್ಟು ನೋಡಬೇಕು. ಇದಕ್ಕಿಂತ ಹಳೇ ಗಾಡಿಗಳಲ್ಲಿ, 1930ರ ಆಸುಪಾಸಿನ ಫೋರ್ಡ್ ಮಾಡೆಲ್ ಎ ಅಂಥವುಗಳಲ್ಲಿ, ಬಂಪರ್ ಪಟ್ಟಿ ಸ್ಪ್ರಿಂಗ್ ಉಕ್ಕಿನದು. ಅದಕ್ಕೆ ಗ್ಯಾಸ್ ತೋರಿಸಿದರೆ ಹದ ಹೋಗಿಬಿಡುತ್ತದೆ. ಅಂಥದ್ದಕ್ಕೆ ಕ್ರೋಮ್ ಹಾಕಿಸಿದರೂ ಆಮ್ಲದಲ್ಲಿ ಅದ್ದಿದಾಗ ಉಕ್ಕಿನೊಳಗೆ ಹೈಡ್ರೋಜನ್ ಸೇರಿ ಬಿರುಕು ಬಿಡುವ ಅಪಾಯ ಇದೆ. ಪ್ಲೇಟಿಂಗ್ ಆದ ಕೂಡಲೇ 200 ಡಿಗ್ರಿ ಸೆಲ್ಸಿಯಸ್ ಹತ್ತಿರ ಕೆಲವು ಗಂಟೆ ಒಲೆಯಲ್ಲಿ ಬೇಯಿಸಬೇಕು. ನಿಮ್ಮದಕ್ಕೆ ಈ ತೊಂದರೆ ಇಲ್ಲ, ಆದರೂ ಗ್ಯಾಸ್ ಬೇಡ. ಕಾಯಿಸಿದ ಜಾಗ ಹಿಗ್ಗಿ ಉಬ್ಬು ಬಂದರೆ ಅದನ್ನು ಇಳಿಸೋದೇ ಇನ್ನೊಂದು ಕೆಲಸ.

ಕ್ರೋಮ್ ಹಾಕಿಸಬೇಕಾ? ನನ್ನ ಉತ್ತರ, ಬೇಡ. ಆ ಕಾಲದ ಕೆಲಸದ ಪಿಕಪ್‌ಗಳು ಸಾಮಾನ್ಯವಾಗಿ ಬಣ್ಣ ಬಳಿದ ಬಂಪರ್ ಹಾಕಿಕೊಂಡೇ ಬರುತ್ತಿದ್ದವು, ಹೊಳಪು ಬೇಕಾದವರು ಜಾಸ್ತಿ ದುಡ್ಡು ಕೊಡಬೇಕಿತ್ತು. ಅದೂ 1951 ಅಂದರೆ ಕೊರಿಯಾ ಯುದ್ಧದ ಸಮಯ, ಕ್ರೋಮ್‌ನ ಕೆಳಗೆ ಹಾಕುವ ನಿಕ್ಕಲ್‌ಗೆ ಅಮೆರಿಕದಲ್ಲಿ ಬಿಗಿ ನಿರ್ಬಂಧ ಇತ್ತು. ತೋಟದ ಗಾಡಿಗೆ ಕನ್ನಡಿಯಂಥ ಬಂಪರ್ ಹಾಕಿದರೆ ಅದು ನಿಮ್ಮ ತಾತ ಓಡಿಸಿದ ಗಾಡಿ ಆಗಿ ಉಳಿಯೋದಿಲ್ಲ ಅಂತ ನನಗನ್ನಿಸುತ್ತದೆ. ಬ್ರಾಕೆಟ್ ಬಿಚ್ಚಿದಾಗ ಅದು ಮುಚ್ಚಿಕೊಂಡಿದ್ದ ಜಾಗ ನೋಡಿ, ಹಳೇ ಬಣ್ಣ ಅಲ್ಲಿ ಉಳಿದಿರುತ್ತದೆ. ಸಣ್ಣ ಉಪ್ಪುಕಾಗದದಿಂದ ಮೆಲ್ಲಗೆ ಉಜ್ಜಿದರೆ ಪದರ ಪದರವಾಗಿ ಕಾಣುತ್ತದೆ, ಎಲ್ಲಕ್ಕಿಂತ ಒಳಗಿರುವುದೇ ಫ್ಯಾಕ್ಟರಿ ಬಣ್ಣ. ಪೇಂಟ್ ಅಂಗಡಿಗೆ ಆ ಬಣ್ಣ ತೋರಿಸಿ. ಅಲ್ಲಿ ಬಣ್ಣದ ಬದಲು ನಿಕ್ಕಲ್ ಕಂಡರೆ ಮಾತು ಬೇರೆ. ಆಗ ಪೀಣ್ಯದ ಕಡೆ ಪ್ಲೇಟಿಂಗ್ ಮಾಡುವವರ ಹತ್ತಿರ ಹೋಗಿ. ಹೊಳೆಯುವ ಕ್ರೋಮ್ ಪದರ ಒಂದು ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ) ಕೂಡ ಇರೋದಿಲ್ಲ, ತುಕ್ಕು ತಡೆಯೋದು ಅದರ ಕೆಳಗಿನ ನಿಕ್ಕಲ್. ಹಾಗಾಗಿ ನಿಕ್ಕಲ್ ಎಷ್ಟು ದಪ್ಪ ಕೊಡುತ್ತೀರಿ, ಕೆಳಗೆ ತಾಮ್ರ ಹಾಕುತ್ತೀರಾ ಅಂತ ಕೇಳಿ. ಬಂಪರ್‌ಗೆ 20 ಮೈಕ್ರಾನ್‌ಗಿಂತ ಕಮ್ಮಿ ನಿಕ್ಕಲ್ ಒಪ್ಪಬೇಡಿ. ಕ್ರೋಮ್ ಇರುವ ಜಾಗದ ಮೇಲೆ ವೆಲ್ಡಿಂಗ್ ಮಾಡಿಸಲೇಬೇಡಿ, ಆ ಹೊಗೆ ಕ್ಯಾನ್ಸರ್ ತರುವಂಥದ್ದು.

ಹಿಂದಿನ ಚಾನಲ್ ಬಗ್ಗೆ ಕೇಳಿದಿರಿ. ತೆಗೆಸಿ. ಆದರೆ ವೆಲ್ಡನ್ನು ಚಾಸಿಯ ಮಟ್ಟಕ್ಕೆ ಕತ್ತರಿಸಬೇಡಿ, ಚಾನಲ್ ಕಡೆ ಕಾಲಿಂಚು ಬಿಟ್ಟು ಕತ್ತರಿಸಿ, ಉಳಿದದ್ದನ್ನು ಗ್ರೈಂಡರ್‌ನಿಂದ ನಿಧಾನವಾಗಿ ಇಳಿಸಿ. ಕೆಳಗೆ ಹಳೇ ಬ್ರಾಕೆಟ್ ತೂತುಗಳು ಇವೆಯಾ ನೋಡಿ. ಆಗಿನ ಎಷ್ಟೋ ಪಿಕಪ್‌ಗಳಲ್ಲಿ ಹಿಂದಿನ ಬಂಪರ್ ಬೇಕಾದರೆ ಮಾತ್ರ ಹಾಕಿಸಿಕೊಳ್ಳುವ ಸಾಮಾನಾಗಿತ್ತು. ತೂತೇ ಇಲ್ಲ ಅಂದರೆ ಬಹುಶಃ ನಿಮ್ಮ ಗಾಡಿಗೆ ಹಿಂದೆ ಬಂಪರ್ ಇರಲೇ ಇಲ್ಲ, ಹಾಗೇ ಬಿಡಿ. ಮುಂದೆ ಬುಲ್ ಬಾರ್ (ಬಂಪರ್ ಮುಂದೆ ಕೂರಿಸುವ ದಪ್ಪ ಕಬ್ಬಿಣದ ಕಂಬಿ) ಹಾಕಿ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ, 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಅದರ ಮೇಲೆ ಕ್ರಮ ತಗೊಳ್ಳಿ ಅಂತ ರಾಜ್ಯಗಳಿಗೆ ಬರೆದಿದೆ. ವಿಂಟೇಜ್ ನೋಂದಣಿ ಮಾಡಿಸುವ ಯೋಚನೆ ಇದ್ದರೆ 2021ರ ನಿಯಮದ ಪ್ರಕಾರ ಗಾಡಿ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು. ಆ ನಿಯಮ ಸ್ವಂತ ಬಳಕೆಯ ಗಾಡಿಗಳಿಗೆ. ನಿಮ್ಮದು ಸರಕು ಗಾಡಿ ಅಂತ ನೋಂದಣಿ ಆಗಿದ್ದರೆ ಮೊದಲು ಆರ್‌ಟಿಒದಲ್ಲಿ ವಿಚಾರಿಸಿ.

ಕೂರಿಸುವಾಗ ಎಲ್ಲ ಬೋಲ್ಟುಗಳನ್ನೂ ಬೆರಳಿನಿಂದ ಮಾತ್ರ ಹತ್ತಿಸಿ, ಎರಡೂ ಕಡೆ ಗ್ರಿಲ್‌ನಿಂದ ಅಂತರ ಅಳೆದು ಸಮ ಮಾಡಿ, ಮೊದಲು ಚಾಸಿ ಕಡೆಯ ನಟ್ಟು, ಆಮೇಲೆ ಬಂಪರ್ ಕಡೆಯದು ಬಿಗಿ ಮಾಡಿ. ಎರಡನೇ ಬಂಪರ್‌ನ ಹಿಂಬದಿಯ ಫೋಟೋ, ಬ್ರಾಕೆಟ್‌ನ ಅಳತೆ, ರಟ್ಟು ಕೂತಿತೋ ಇಲ್ಲವೋ, ಇಷ್ಟು ಕಳಿಸಿ. ತಗೊಳ್ಳಬಹುದಾ ಬೇಡವಾ ಅಂತ ಆಗ ಖಚಿತವಾಗಿ ಹೇಳುತ್ತೇನೆ.